ಕರ್ತೃವಿಲ್ಲದ ವಾಕ್ಯ

ಬೆಳಗಾವಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರೊಬ್ಬರಿಗೆ ಕರ್ಮಣಿ ಪ್ರಯೋಗವೆಂದರೆ ಬಲು ಪ್ರೀತಿ. ಕರ್ಮವನ್ನೆತ್ತಿ ಕರ್ತೃವಿನ ಪೀಠದಲ್ಲಿ ಕೂಡಿಸಬೇಕು. 'ಬಿ' ಧಾತುವನ್ನು ಕಾಲಕ್ಕೆ ತಕ್ಕ ರೂಪದಲ್ಲಿ ತರಬೇಕು. ಮುಖ್ಯ ಕ್ರಿಯಾಪದಕ್ಕೆ ಭೂತಕೃದಂತದ ವೇಷ ತೊಡಿಸಬೇಕು. ಪದಚ್ಯುತನಾದ ಕರ್ತೃವಿಗೆ 'ಬೈ' ಎಂಬ ಊರುಗೋಲು ಕೊಟ್ಟು ವಾಕ್ಯದ ಬಾಗಿಲಲ್ಲಿ ನಿಲ್ಲಿಸಬೇಕು. 'ದಿ ಬಾಯ್ ಬ್ರೋಕ್ ದಿ ಪಾಟ್' ಎಂಬುದು 'ದಿ ಪಾಟ್ ವಾಸ್ ಬ್ರೋಕನ್ ಬೈ ದಿ ಬಾಯ್' ಆಯಿತು. ಬರುವುದು, ಮಲಗುವುದು ಮೊದಲಾದ ಅಕರ್ಮಕ ಕ್ರಿಯೆಗಳಿಗೆ ಮಾತ್ರ ಈ ಭಾಗ್ಯವಿಲ್ಲ.

"ಕರ್ತೃವು ಬಾಗಿಲನ್ನೂ ಬಿಟ್ಟು ಹೊರಟುಹೋದರೂ ವಾಕ್ಯ ಕೆಡದು. ಅವನು ಯಾರೆಂದು ತಿಳಿಯದಿರುವಾಗ, ಎಲ್ಲರಿಗೂ ತಿಳಿದೇ ಇರುವಾಗ, ಇಲ್ಲವೆ ಹೇಳಲು ಮನಸ್ಸಿಲ್ಲದಿರುವಾಗ ಅವನನ್ನು ಬಿಡಬಹುದು" ಎಂದು ಅವರು ಕೊನೆಗೆ ಸೇರಿಸುತ್ತಿದ್ದರು.

ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಕುಂಬಾರರ ಹುಡುಗನೊಬ್ಬ ಒಮ್ಮೆ, ಕನ್ನಡದಲ್ಲಿ ಇದು ಏಕಿಲ್ಲವೆಂದು ಕೇಳಿದ. ಇಲ್ಲದೇನು? 1903ರಲ್ಲಿ ಅಚ್ಚಾದ ಕಿಟ್ಟೆಲರ ವ್ಯಾಕರಣದಲ್ಲಿಯೂ 'ಪಡು' ಹಚ್ಚಿದ ರೂಪಕ್ಕೆ ಸ್ಥಾನವಿದೆ. ಆದರೆ 'ನನ್ನಿಂದ ಅನ್ನವು ಉಣ್ಣಲ್ಪಟ್ಟಿತು' ಎಂದು ಯಾವ ಮನೆಯಲ್ಲಿಯೂ ಯಾರೂ ಹೇಳಿಲ್ಲ. ಖಾನಾಪುರದ ಓಣಿಗಳಲ್ಲಿ ಕೇಳಿಬರುವ ಮರಾಠಿಯ ಬಗೆ ಬೇರೆ: 'ತ್ಯಾನೇ ಮಡಕೇ ಫೋಡಲೇ' ಎಂಬಲ್ಲಿ ಕ್ರಿಯಾಪದವು ಮಡಕೆಯ ಲಿಂಗಕ್ಕೆ ಮಣಿಯುತ್ತದೆ, ಆದರೂ ಒಡೆದವನು ವಾಕ್ಯದ ಮೊದಲಲ್ಲಿಯೇ ನಿಂತಿರುತ್ತಾನೆ. ಕರ್ತೃವನ್ನು ಮರೆಮಾಡುವ ಚಟ ಕಚೇರಿಯ ಕನ್ನಡಕ್ಕೆ ಹೆಚ್ಚು. ಅಲ್ಲಿ ಎಲ್ಲವೂ 'ತಿಳಿಸಲಾಗಿದೆ', 'ನಿರ್ಧರಿಸಲಾಗಿದೆ'.

ಆ ವರ್ಷ ಹುಡುಗನಿಗೆ ವಿದ್ಯಾರ್ಥಿವೇತನ ಬರಲಿಲ್ಲ. ಮಾಸ್ತರರ ಕೈಗೆ ಕೊಟ್ಟಿದ್ದ ಅರ್ಜಿಯು ಅವರ ಪುಸ್ತಕವೊಂದರ ನಡುವೆಯೇ ಉಳಿದು, ಅವಧಿ ಮೀರಿತ್ತು. ಮಾಸ್ತರರು ಅವನ ತಂದೆಗೆ ಚೀಟಿ ಬರೆದರು: 'ಪ್ರಮಾದವಶಾತ್ ಅರ್ಜಿಯು ಕಳುಹಿಸಲ್ಪಡಲಿಲ್ಲ.'

ಮರುದಿನ ಹುಡುಗ ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದು ನಿಂತ. "ಸರ್, ಚೀಟಿ ಓದಿ ಹೇಳಿದ್ಯಾರಿ. 'ಯಾರು ಕಳಸಲಿಲ್ಲೋ ತಮ್ಮಾ, ಹೆಸರೆಲ್ಲೈತಿ?' ಅಂತ ಅಪ್ಪ ಕೇಳಿದ್ರು. ನೀವು ಹೇಳಿದ ಮೂರು ಕಾರಣದಾಗ ಇದು ಯಾವುದ್ರಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಮಾಸ್ತರರನ್ನು ಚುಚ್ಚಿದ್ದು ಅದೇ.

ಭಾನುವಾರ ಅವರು ರೈಲು ಹತ್ತಿದರು. ದೇಸೂರು ದಾಟಿತು, ಇದಲಹೊಂಡ ದಾಟಿತು. ದಾರಿಯುದ್ದಕ್ಕೂ ಕಟ್ಟಿಕೊಂಡ ವಾಕ್ಯಗಳೆಲ್ಲ ಕುಂಬಾರನ ಚಕ್ರದ ಎದುರು ನಿಂತಾಗ ಮರೆತುಹೋದವು. ಉಳಿದದ್ದು ಒಂದೇ.

"ಅರ್ಜಿ ಕಳಿಸೋದು ನಾನು ಮರತೆ. ತಪ್ಪು ನಂದು. ಈ ವರ್ಷದ ಫೀ ನಾನು ತುಂಬತೀನಿ."

ಮುದುಕ ಚಕ್ರ ನಿಲ್ಲಿಸಿ ಕೈಯ ಕೆಸರು ಒರೆಸಿಕೊಂಡ. "ಗಡಿಗಿ ಕೈಜಾರಿದ್ರ ನಾವೂ 'ಒಡೀತು' ಅಂತೀವ್ರಿ ಸಾಹೇಬ್ರ. 'ನಾ ಒಡದೆ' ಅನ್ನೋರು ಕಡಿಮಿ. ಕುಂದರ್ರಿ, ಚಾ ಕುಡೀರಿ."

ಮಾಸ್ತರರು ಮುಂದೆಯೂ ಕರ್ಮಣಿ ಪ್ರಯೋಗವನ್ನು ಅಷ್ಟೇ ಚೆನ್ನಾಗಿ ಕಲಿಸಿದರು. ಆ ಮೂರನೆಯ ಕಾರಣ ಬಂದಾಗ ಮಾತ್ರ ಸೀಮೆಸುಣ್ಣ ಹಿಡಿದ ಕೈ ಗಳಿಗೆಹೊತ್ತು ತಡೆಯುತ್ತಿತ್ತು.