ತೋಳುಪಟ್ಟಿಯ ತಕರಾರು

ಇಟಲಿಯ ವೈದ್ಯ ರಿವಾ-ರೋಚಿ 1896ರಲ್ಲಿ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದರು. ಪಟ್ಟಿಯ ಅಗಲ ಸಾಲದೆ ಅಂಕಿ ಹೆಚ್ಚು ಬರುತ್ತಿತ್ತು. ಆ ತಕರಾರು ಇನ್ನೂ ಮುಗಿದಿಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಂದಿಗೂ ಅಂಕಿ ಏರುತ್ತದೆ. ಕ್ಲಿನಿಕ್ಕಿನ ಮೆಟ್ಟಿಲೇರಿ ಏದುಸಿರು ಬಿಡುತ್ತ ಬಂದ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ಮೇಲೇ ಪಟ್ಟಿ ಬಿಗಿದು, ‘ಪರೀಕ್ಷೆ ಯಾವಾಗಪ್ಪಾ?’ ಎನ್ನುತ್ತಲೇ ಗಾಳಿ ತುಂಬುವವರುಂಟು. ಮಾತೂ ಒತ್ತಡ ಏರಿಸುತ್ತದೆ (ಪರೀಕ್ಷೆಯ ಮಾತಾದರೆ ಕೇಳಬೇಕೆ!). ತೋಳಿಗೆ ತಕ್ಕ ಪಟ್ಟಿ, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಹೃದಯದ ಮಟ್ಟಕ್ಕೆ, 5 ನಿಮಿಷ ಮೌನ. ಆಮೇಲೆ ನಿಮಿಷ ಬಿಟ್ಟು ಎರಡು ಸಲ ಅಳತೆ. ಕ್ರಮ ಇಷ್ಟೇ. ಅವಸರದ ಒಂದು ಅಂಕಿಗೆ ವರ್ಷಗಟ್ಟಲೆ ಮಾತ್ರೆ ಬರೆಸಿಕೊಳ್ಳುವ ಮುನ್ನ, ‘ಡಾಕ್ಟ್ರೇ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡ್ತೀರಾ?’ ಎಂದು ತಂದೆ ತಾಯಿ ಸಂಕೋಚಪಡದೆ ಕೇಳಲಿ.