ಇಳಿದ ಮುಳ್ಳನ್ನು ನಂಬಿ

ಟೆಂಪರೇಚರ್ ಮುಳ್ಳು ಕೆಳಗಿಳಿಯಿತೆಂದು ನಾನು ನೆಮ್ಮದಿಯ ಉಸಿರು ಬಿಟ್ಟ ಹೊತ್ತಿನಲ್ಲೇ ನನ್ನ ಕಾರಿನ ಎಂಜಿನ್ ಸುಡುತ್ತಿತ್ತು. ಆ ತಪ್ಪು ಪೂರ್ತಿ ನನ್ನದು. ಇನ್ನೊಬ್ಬರ ಗಾಡಿಗೆ ಆ ಗತಿ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಪೆಟ್ರೋಲ್ ಗಾಡಿ ಅದು. ಬೇಸಿಗೆಯಲ್ಲಿ ಏರುದಾರಿಗೆ ಬಿದ್ದರೆ ಮುಳ್ಳು ಮಧ್ಯದ ಗೆರೆ ದಾಟುತ್ತಿತ್ತು. ರಸ್ತೆ ಬದಿಯ ಗ್ಯಾರೇಜಿಗೆ ಒಯ್ದಾಗ ಥರ್ಮೋಸ್ಟಾಟ್ ಕಿತ್ತು ಕೈಗಿಟ್ಟು, 'ಇನ್ನು ಹೀಟ್ ಆಗಲ್ಲ' ಎಂದರು. ಮುಳ್ಳು ನಿಜಕ್ಕೂ ಇಳಿಯಿತು. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಬಿಡುವಿಲ್ಲದೆ ರೇಡಿಯೇಟರ್‌ಗೆ ಹರಿಯುತ್ತಿರುತ್ತದೆ, ಎಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ತಡವಾಗುತ್ತದೆ. ರೋಗ ಹಾಗೇ ಉಳಿದಿತ್ತು, ಅದನ್ನು ತೋರಿಸುವ ಗುರುತು ಮಾತ್ರ ಮರೆಯಾಗಿತ್ತು. ಕೆಲವು ತಿಂಗಳ ಬಳಿಕ ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುವುದು ಕಂಡಿತು. ಮನೆಯ ಬೋರ್ ನೀರು ಹಾಕಿದೆ. ಮತ್ತೆ ಇಳಿಯಿತು, ಮತ್ತೆ ಹಾಕಿದೆ. ಆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಧರ್ಮಸ್ಥಳದಿಂದ ಅಮ್ಮನನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಹೊರಡುವ ಮುಂಚೆ ನೋಡಿದ್ದು ರೇಡಿಯೇಟರ್‌ನ ರಿಸರ್ವ್ ಬಾಟಲಿಯನ್ನಷ್ಟೇ. ಅದು ತುಂಬಿತ್ತು. ತಿರುವುಗಳು ಶುರುವಾದ ಸ್ವಲ್ಪ ಹೊತ್ತಿಗೆ ಮುಳ್ಳು ಏರತೊಡಗಿತು. 'ಬೆಲ್ಲ ಕಾಯಿಸಿದ ಹಾಗೆ ವಾಸನೆ ಬರ್ತಿದೆ, ಸ್ವಲ್ಪ ನಿಲ್ಸು ಮಗ' ಎಂದರು ಅಮ್ಮ. ಕೂಲಂಟ್‌ನ ವಾಸನೆ ಅದು. ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ಎಲ್ಲರೂ ಗಾಡಿ ನಿಲ್ಲಿಸಿ ಕೈಮುಗಿಯುತ್ತಾರೆ. ಕೊಟ್ಟಿಗೆಹಾರ ಇನ್ನೇನು ಬಂತಲ್ಲ ಎಂದು ನಾನು ಅಲ್ಲಿಯೂ ನಿಲ್ಲಿಸಲಿಲ್ಲ. ಮುಂದಿನ ತಿರುವುಗಳಲ್ಲಿ ಮುಳ್ಳು ಸರ್ರನೆ ಕೆಳಗಿಳಿಯಿತು. 'ನೋಡಮ್ಮ, ಇಳೀತು' ಎಂದೆ. ಸ್ವಲ್ಪದರಲ್ಲೇ ಎಂಜಿನ್‌ನಿಂದ ಟಕಟಕ ಸದ್ದು ಬಂತು, ಎಳೆತ ಕಡಿಮೆಯಾಯಿತು, ಗಾಡಿ ತಾನಾಗಿ ನಿಂತಿತು. ವಯಸ್ಸಾದ ಅಮ್ಮ ಆ ಚಳಿಗಾಳಿಯಲ್ಲಿ ರಸ್ತೆ ಬದಿ ನಿಲ್ಲಬೇಕಾಯಿತು. ಎಂಜಿನ್ ಹೋದದ್ದಕ್ಕಿಂತ ಹೆಚ್ಚಾಗಿ ಅವರ ಮಾತನ್ನು ತಳ್ಳಿಹಾಕಿದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಗಾಡಿಯನ್ನು ಮೂಡಿಗೆರೆಗೆ ಎಳೆಸಿದೆವು. ಅಲ್ಲಿನ ಹಿರಿಯ ಮೇಸ್ತ್ರಿ ಆಯಿಲ್ ಕಡ್ಡಿ ಎಳೆದು ತೋರಿಸಿದರು: ಹಾಲು ಬೆರೆತಂಥ ಬಣ್ಣ. ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರಿತ್ತು. ಅಲ್ಯೂಮಿನಿಯಂ ಹೆಡ್ ಬಾಗಿತ್ತು. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಹೆಡ್‌ನ ತಳ 0.05 ಮಿ.ಮೀ.ಗಿಂತ ಹೆಚ್ಚು ಬಾಗಿದರೆ ಫೇಸಿಂಗ್ ಮಾಡಿಸದೆ, ಅಂದರೆ ತಳವನ್ನು ಉಜ್ಜಿ ಸಮ ಮಾಡಿಸದೆ, ಕೂರಿಸುವಂತಿಲ್ಲ.

'ಮುಳ್ಳು ಇಳಿದಿತ್ತಲ್ಲ ಮೇಸ್ತ್ರಿ?' ಎಂದು ಕೇಳಿದೆ.

'ಸೆನ್ಸರ್ ನೀರಲ್ಲಿ ಮುಳುಗಿದ್ರೆ ತಾನೇ ಸಾರ್ ಬಿಸಿ ತೋರ್ಸೋದು? ನೀರೇ ಇರ್ಲಿಲ್ಲ' ಎಂದರು.

ಮೂಲ ಕಾರಣ ರೇಡಿಯೇಟರ್ ಕ್ಯಾಪ್. ಅದು ಬರೀ ಮುಚ್ಚಳವಲ್ಲ, ಒತ್ತಡ ಕಾಯುವ ವಾಲ್ವ್. ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 118 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಸ್ಪ್ರಿಂಗ್ ಸೋತರೆ ಬೇಗ ಕುದಿಯುತ್ತದೆ. ಘಾಟಿ ಏರಿದಂತೆ ನೀರು ಕುದಿಯುವ ಮಟ್ಟ ಇನ್ನಷ್ಟು ತಗ್ಗುತ್ತದೆ, ಎಂಜಿನ್ ಮೇಲಿನ ಹೊರೆಯೋ ಅಲ್ಲೇ ಹೆಚ್ಚು. ಕ್ಯಾಪ್‌ನಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ. ಬಿಸಿಯಲ್ಲಿ ಬಾಟಲಿಗೆ ಹೋದ ನೀರನ್ನು ಎಂಜಿನ್ ತಣಿದಾಗ ವಾಪಸ್ ರೇಡಿಯೇಟರ್‌ಗೆ ಬಿಟ್ಟುಕೊಡುವುದು ಅದರ ಕೆಲಸ. ನನ್ನ ಗಾಡಿಯಲ್ಲಿ ಅದೂ ಕಚ್ಚಿಕೊಂಡಿತ್ತು. ಬಾಟಲಿ ತುಂಬಿದ್ದು, ರೇಡಿಯೇಟರ್ ಖಾಲಿಯಾದದ್ದು ಹೀಗೆ. ಇದರ ಜತೆಗೆ ನಾನು ಸುರಿದ ಗಡಸು ನೀರಿನ ಸುಣ್ಣ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡಿತ್ತು.

ಗಾಡಿ ಬಿಸಿಯಾದರೆ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಅನುಮಾನ ಫ್ಯಾನ್ ಮೇಲೆ. ಅದರ ಫ್ಯೂಸ್, ರಿಲೇ, ಮೋಟಾರ್ ನೋಡಬೇಕು. ಏರಿನಲ್ಲಿ, ವೇಗದಲ್ಲಿ ಬಿಸಿಯಾದರೆ ನೀರಿನ ಮಟ್ಟ, ಕಟ್ಟಿದ ರೇಡಿಯೇಟರ್, ವಾಟರ್ ಪಂಪ್ ಕಡೆ ತಿರುಗಬೇಕು. ಎಂಜಿನ್ ಬಿಸಿಯಾಗಿದ್ದೂ ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ಹೋಸ್ ಮುಟ್ಟಿ ನೋಡುವಾಗ ಫ್ಯಾನ್‌ನಿಂದ ಕೈ ದೂರವಿರಲಿ. ಎಂಜಿನ್ ನಿಂತಿದ್ದರೂ ಅದು ತಿರುಗಬಹುದು. ಬೆಳಿಗ್ಗೆ ತಣ್ಣನೆಯ ಎಂಜಿನ್‌ನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ದಾರಿಯಲ್ಲಿ ಮುಳ್ಳು ಮಧ್ಯ ದಾಟಿದ ತಕ್ಷಣ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ, ಮೊದಲು ಸಿಕ್ಕ ಸುರಕ್ಷಿತ ಜಾಗದಲ್ಲಿ ಎಂಜಿನ್ ನಿಲ್ಲಿಸಿ. ಹೀಟರ್ ಎಂಜಿನ್‌ನ ಬಿಸಿಯನ್ನು ಒಂದಷ್ಟು ಒಳಗೆಳೆದುಕೊಳ್ಳುತ್ತದೆ. ಅದರಿಂದ ತಣ್ಣನೆಯ ಗಾಳಿ ಬಂದರೆ ನೀರು ಖಾಲಿಯಾಗಿದೆಯೆಂದೇ ತಿಳಿಯಿರಿ.

ರಿಪೇರಿಯಲ್ಲಿ ಹೆಡ್ ಫೇಸಿಂಗ್, ಹೊಸ ಗ್ಯಾಸ್ಕೆಟ್, ಹೊಸ ಕ್ಯಾಪ್ ಎಲ್ಲ ಆಯಿತು. ತೆಗೆಸಿದ್ದ ಥರ್ಮೋಸ್ಟಾಟ್ ಜಾಗಕ್ಕೂ ಹೊಸದು ಬಂತು. ಈಗ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಮಟ್ಟ ಒಂದು ಬೆರಳು ಇಳಿದರೂ ಮೊದಲು ಸೋರಿಕೆ ಹುಡುಕುತ್ತೇನೆ, ಆಮೇಲೆ ತುಂಬಿಸುತ್ತೇನೆ. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಕಡಿಮೆಯಾಯಿತೆಂದರೆ ಅದು ಎಲ್ಲಿಗೋ ಹೋಗಿದೆ. ಎಲ್ಲಿಗೆಂದು ಗೊತ್ತಾಗುವ ತನಕ ಆ ಗಾಡಿಯಲ್ಲಿ ಯಾರನ್ನೂ ಕೂರಿಸಿಕೊಂಡು ಘಾಟಿ ಹತ್ತಬೇಡಿ.