ಬೇಸಗೆಯೂ ಪಂಚೆಯೂ

ಉಡಿಗೆಯ ವಿಷಯದಲ್ಲಿ ಮನುಷ್ಯನು ಹವೆಯ ಮಾತಿಗಿಂತ ನೆರೆಯವರ ಮಾತನ್ನೇ ಹೆಚ್ಚು ಲಕ್ಷಿಸುವನೆಂದು ನಮಗೆ ತೋರುತ್ತದೆ. ವೈಶಾಖದ ಮಧ್ಯಾಹ್ನ ಕಳವಾ ರೈಲು ನಿಲ್ದಾಣದಲ್ಲಿ ಕ್ಷಣಕಾಲ ನಿಂತು ನೋಡಿರಿ. ದಪ್ಪ ಬಟ್ಟೆಯ ಪ್ಯಾಂಟು, ಸೊಂಟಕ್ಕೆ ಬಿಗಿದ ತೊಗಲಿನ ಪಟ್ಟಿ, ಕಾಲುಚೀಲ, ಬೂಟು. ಇವೆಲ್ಲವುಗಳೊಳಗೆ ಬೇಯುತ್ತಿರುವ ಒಬ್ಬ ಗೃಹಸ್ಥ. ಆತನು ಮನೆ ಸೇರಿದೊಡನೆ ಮಾಡುವ ಮೊದಲ ಕೆಲಸವೆಂದರೆ ಆ ಪ್ಯಾಂಟನ್ನು ಗೂಟಕ್ಕೆ ಸಿಕ್ಕಿಸಿ, ಲುಂಗಿಯನ್ನೋ ಪಂಚೆಯನ್ನೋ ಸುತ್ತಿಕೊಂಡು, ‘ಉಸ್ಸಪ್ಪಾ’ ಎಂದು ಕುಳಿತುಕೊಳ್ಳುವುದು. ಆ ಉದ್ಗಾರದಲ್ಲಿ ಅಡಗಿರುವ ಸುಖವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮ್ಮ ಬಯಕೆ.

ನಾವು ವಿಜಯಪುರದ ಕಡೆಯವರು. ಅಲ್ಲಿಯ ಬಿಸಿಲು ಉಗ್ರವಾದರೂ ಒಣ ಬಿಸಿಲು. ಮೈಮೇಲೆ ಮೂಡಿದ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಆದುದರಿಂದ ನಮ್ಮ ಹಿರಿಯರು ಕಚ್ಚೆ ಹಾಕಿ ಉಟ್ಟ ಧೋತರ, ಮೈತುಂಬ ಅಂಗಿ, ತಲೆಗೆ ರುಮಾಲು ಎಂದು ಬಿಸಿಲಿಗೂ ಮೈಗೂ ನಡುವೆ ಬಟ್ಟೆಯ ನೆರಳನ್ನೇ ಕಟ್ಟಿಕೊಳ್ಳುತ್ತಿದ್ದರು. ಕಳವಾದ ಮಾತೇ ಬೇರೆ. ಒಂದು ಕಡೆ ಠಾಣೆಯ ಖಾಡಿ, ಇನ್ನೊಂದು ಕಡೆ ಪಾರಸಿಕ ಗುಡ್ಡ. ಗಾಳಿಯಲ್ಲಿ ಮೊದಲೇ ನೀರಿನ ಆವಿ ತುಂಬಿರುವುದರಿಂದ ಬೆವರು ಬೇಗನೆ ಆರಲೊಲ್ಲದು. ಬೆವರು ಆರಿದರಲ್ಲವೆ ಮೈ ತಂಪಾಗುವುದು? ಸುಮ್ಮನೆ ಹರಿದುಹೋದ ಬೆವರಿನಿಂದ ಬಟ್ಟೆ ತೊಯ್ಯುವುದೇ ಹೊರತು ದೇಹಕ್ಕೆ ಉಪಕಾರವಿಲ್ಲ. ಇಂತಹ ಹವೆಯಲ್ಲಿ ಬೇಕಾದುದು ಗಾಳಿಯ ಸಂಚಾರ. ಕಾಲಿಗೆ ಅಂಟಿದ ಪ್ಯಾಂಟಿನೊಳಗೆ ತೇವದ ಗಾಳಿ ಸೆರೆಯಾಗಿ ನಿಲ್ಲುತ್ತದೆ. ಅಡ್ಡಪಂಚೆಯಾದರೋ ಕೆಳಗೆ ತೆರೆದಿರುವುದರಿಂದ, ಹೆಜ್ಜೆ ಹೆಜ್ಜೆಗೂ ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಗೆಳೆದು ಹೊರಗೆ ಬಿಡುತ್ತದೆ. ಮಂಗಳೂರು, ಉಡುಪಿಗಳ ಕಡೆಯಿಂದ ಬಂದ ನಮ್ಮ ನೆರೆಯವರಿಗೆ ಇದು ತಲೆತಲಾಂತರದ ತಿಳಿವಳಿಕೆ. ಅವರ ಊರಿನದೂ ಇದೇ ಕಡಲ ಹವೆ. ಧೋತರದ ನಾಡಿನಿಂದ ಬಂದ ನಾವು ಅವರ ಶಿಷ್ಯರಾಗಿಯೇ ಅಡ್ಡಪಂಚೆಯ ದೀಕ್ಷೆಯನ್ನು ಪಡೆದೆವು.

ಗಂಡಸರು ಹೀಗೆ ಬಟ್ಟೆ ಸುತ್ತಿಕೊಳ್ಳುವುದು ನಮ್ಮ ದೇಶದಲ್ಲಿ ಮಾತ್ರವೆಂದು ತಿಳಿಯಬಾರದು. ದೂರದ ಸ್ಕಾಟ್‌ಲಂಡಿನ ಗುಡ್ಡಗಾಡಿನ ಗಂಡಸರದು ‘ಕಿಲ್ಟ್’ ಎಂಬ ಉಡಿಗೆ. ನಮ್ಮ ಲುಂಗಿಯಲ್ಲಿರುವಂತೆ ಅದರಲ್ಲಿಯೂ ಚೌಕಳಿಗಳುಂಟು. ಮುಂದೆ ಎರಡು ಪದರ ಒಂದರ ಮೇಲೊಂದು ಬರುತ್ತವೆ, ಹಿಂದೆ ನೆರಿಗೆಗಳಿರುತ್ತವೆ. ಕಿಸೆಯಿಲ್ಲದ ಕಾರಣ ಅವರು ಸೊಂಟದ ಮುಂದೆ ತೊಗಲಿನ ಚೀಲವೊಂದನ್ನು ತೂಗಬಿಡುತ್ತಾರೆ. ನಮ್ಮ ಅಜ್ಜಂದಿರು ನಡುವಿಗೆ ಹಮ್ಮಿಣಿ ಕಟ್ಟುತ್ತಿದ್ದಂತೆಯೇ. ಆದರೆ ನಮ್ಮ ಪಂಚೆ 4 ಮೊಳದ, ಎಂದರೆ 2 ಮೀಟರಿನಷ್ಟು ಹತ್ತಿಯ ಬಟ್ಟೆ; ಪೂರ್ಣ ನೆರಿಗೆಯ ಕಿಲ್ಟಿಗೆ ಸುಮಾರು 7 ಮೀಟರು ಉಣ್ಣೆಯ ಬಟ್ಟೆ ಬೇಕು. ಚಳಿಮಳೆಯ ನಾಡಿಗೆ ಅದು ತಕ್ಕುದೇ. ಸೆಕೆಯಲ್ಲಿ ಕಿಲ್ಟ್ ಉಡಬೇಕಾದವರು ತೆಳುವಾದ ಬಟ್ಟೆಯನ್ನೂ ಕಡಿಮೆ ನೆರಿಗೆಗಳನ್ನೂ ಆರಿಸಿಕೊಳ್ಳುತ್ತಾರೆ. ಈ ಉಡಿಗೆಗೂ ಕಷ್ಟಕಾಲ ಬಂದಿತ್ತು. 1745ರಲ್ಲಿ ಆ ಗುಡ್ಡಗಾಡಿನ ಜನ ಅರಸನ ವಿರುದ್ಧ ದಂಗೆಯೆದ್ದು ಸೋತಾಗ, ಮರುವರ್ಷವೇ ಕಾನೂನು ಮಾಡಿ ಅಲ್ಲಿಯ ಗಂಡಸರು ಅದನ್ನು ಉಡಕೂಡದೆಂದು ನಿಷೇಧಿಸಲಾಯಿತು. ಆ ನಿಷೇಧ ತೆಗೆದುದು 1782ರಲ್ಲಿ. ಇಂದು ಸ್ಕಾಟ್‌ಲಂಡಿನ ಮದುಮಗನು ಅದನ್ನೇ ಹೆಮ್ಮೆಯಿಂದ ಉಟ್ಟು ಮದುವೆಗೆ ಹೊರಡುತ್ತಾನೆ.

ಪಂಚೆಯನ್ನು ಸುಖವಾಗಿ ಉಡುವುದಕ್ಕೂ ಒಂದು ಕ್ರಮವುಂಟು. ಬಟ್ಟೆ ಶುದ್ಧ ಹತ್ತಿಯದಿರಲಿ. ಪಾಲಿಯೆಸ್ಟರ್ ಬೆವರನ್ನು ಹತ್ತಿಯಂತೆ ಹೀರದು. ಹೊಸ ಪಂಚೆಯಲ್ಲಿ ಗಂಜಿಯಿದ್ದರೆ ಎರಡು ಸಲ ಒಗೆದ ಮೇಲೆ ಉಡಿರಿ. ಸೊಂಟದ ಸುತ್ತ ಸುತ್ತಿ, ಹೊರಗಿನ ತುದಿಯನ್ನು ಪಕ್ಕದಲ್ಲಿ ಬಿಗಿಯಾಗಿ ಸಿಕ್ಕಿಸಬೇಕು. ಧೈರ್ಯ ಸಾಲದವರು ಮೇಲೊಂದು ಪಟ್ಟಿ ಕಟ್ಟಿಕೊಳ್ಳಲಿ, ಅದರಲ್ಲಿ ಅವಮಾನವೇನಿಲ್ಲ. ಮೆಟ್ಟಿಲು ಹತ್ತುವಾಗ, ಕೆಸರು ದಾಟುವಾಗ ಮೊಣಕಾಲಿನವರೆಗೆ ಮಡಚಿ ಕಟ್ಟಬಹುದು. ಹಿರಿಯರು ಎದುರಾದರೆ ಅದನ್ನು ಇಳಿಬಿಡುವುದು ಕರಾವಳಿಯ ಮರ್ಯಾದೆ. ಒಲೆಯ ಬಳಿಯೂ ಮೋಟಾರು ಸೈಕಲ್ಲಿನ ಚಕ್ರದ ಬಳಿಯೂ ಎಚ್ಚರವಿರಲಿ. ಸಂಜೆಯ ಲೋಕಲ್ ಗಾಡಿಗೆ ಮಾತ್ರ ಪಂಚೆ ಬೇಡ. ಆ ನೂಕುನುಗ್ಗಲಿನಲ್ಲಿ ನೀವು ಕಳವಾದಲ್ಲಿ ಇಳಿದರೂ ನಿಮ್ಮ ಪಂಚೆ ಮುಂಬ್ರಾಕ್ಕೆ ಪ್ರಯಾಣ ಮುಂದುವರಿಸೀತು!

ಇಷ್ಟು ಸುಖದ ಉಡಿಗೆ ಮನೆಯ ಹೊಸ್ತಿಲು ದಾಟಲು ಅಂಜುವುದೇಕೆ? ಹೋದ ವರ್ಷ ಪಾಲಕರ ಸಭೆಗೆ ವಿದ್ಯಾರ್ಥಿಯೊಬ್ಬನ ತಂದೆ ಬಂದಿದ್ದರು. ಉಪಾಹಾರಗೃಹದ ಒಲೆಯ ಮುಂದೆ ದಿನವೆಲ್ಲ ಲುಂಗಿಯುಟ್ಟು ದುಡಿಯುವವರು. ಅಂದು ಯಾರಿಂದಲೋ ಎರವಲು ತಂದ ಪ್ಯಾಂಟನ್ನು ತೊಟ್ಟಿದ್ದರು. ಅದು ಸೊಂಟದಲ್ಲಿ ನಿಲ್ಲದೆ, ಒಂದು ಕೈಯಿಂದ ಹಿಡಿದುಕೊಂಡೇ ನಮ್ಮೊಡನೆ ಮಾತನಾಡಿದರು. “ಲುಂಗಿ ಉಟ್ಟುಕೊಂಡು ಬರಬೇಡಿ ಅಪ್ಪಾ ಅಂದ ಮಗ, ಮಾಸ್ಟ್ರೇ” ಎಂದು ನಕ್ಕರು. ಆ ನಗೆಯನ್ನು ನಾವು ಇನ್ನೂ ಮರೆತಿಲ್ಲ.

ಆ ಹುಡುಗನನ್ನು ನಾವು ದೂರುವುದಿಲ್ಲ. ಅವನ ನಾಚಿಕೆ ಅವನೊಬ್ಬನದಲ್ಲ; ಅದಕ್ಕೆ ಹಳೆಯ ಬೇರುಗಳಿವೆ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ, ‘ಲುಂಗಿ’ ಎಂಬ ಪದವೇ ಘೋಷಣೆಯೊಳಗೆ ಸೇರಿ ಬೈಗುಳವಾಯಿತು. ಆದರೆ ‘ಧೋತರ’ವೆಂಬ ಮಾತು ಕನ್ನಡಕ್ಕೂ ಮರಾಠಿಗೂ ಒಂದೇ ಅಲ್ಲವೆ? ನಮ್ಮ ಮಹಡಿಯ ಮರಾಠಿ ಅಜ್ಜನವರೂ ಬೇಸಗೆಯ ಸಂಜೆ ಲುಂಗಿಯುಟ್ಟೇ ಬಾಗಿಲಲ್ಲಿ ಕುಳಿತಿರುತ್ತಾರೆ. ಇತ್ತ ಕರ್ನಾಟಕದಲ್ಲಿಯೇ 2024ರ ಜುಲೈಯಲ್ಲಿ, ಬೆಂಗಳೂರಿನ ಮಾಲೊಂದಕ್ಕೆ ಮಗನೊಡನೆ ಚಲನಚಿತ್ರ ನೋಡಲು ಬಂದ ವೃದ್ಧ ರೈತರನ್ನು, ಪಂಚೆಯುಟ್ಟಿದ್ದರೆಂಬ ಕಾರಣದಿಂದ ಒಳಗೆ ಬಿಡಲಿಲ್ಲ. ಜನ ಪ್ರತಿಭಟಿಸಿದರು, ಸರ್ಕಾರವು ಆ ಮಾಲನ್ನು 7 ದಿನ ಮುಚ್ಚಿಸುವುದಾಗಿ ಪ್ರಕಟಿಸಿತು. ಆ ಸುದ್ದಿಯನ್ನು ಓದಿದಾಗ ನಮ್ಮ ಮನಸ್ಸಿನಲ್ಲಿ ಉಳಿದುದು ಶಿಕ್ಷೆಯ ಮಾತಲ್ಲ. ಪಂಚೆಯುಟ್ಟ ತಂದೆಯನ್ನು ನಗರದ ಸಿನಿಮಾಕ್ಕೆ ಜತೆಯಲ್ಲಿ ಕರೆದುಕೊಂಡು ಹೊರಟ ಆ ಮಗನ ಪ್ರೀತಿ.

ಪ್ರಿಯ ವಿದ್ಯಾರ್ಥಿಗಳೇ, ನೀವು ಪ್ಯಾಂಟು ತೊಡಿರಿ; ಶಾಲೆಯ ಸಮವಸ್ತ್ರವೇ ಅದು, ಓಡಿಯಾಡುವುದಕ್ಕೂ ಅನುಕೂಲ. ಆದರೆ ಬರುವ ಸ್ನೇಹ ಸಮ್ಮೇಳನಕ್ಕೆ ನಿಮ್ಮ ತಂದೆಯವರು ಏನುಟ್ಟು ಬರಲೆಂದು ಕೇಳಿದರೆ, ‘ನಿಮಗೆ ಹಿತವಾದುದನ್ನು ಉಟ್ಟು ಬನ್ನಿ’ ಎಂದು ಹೇಳಿರಿ. ಅವರು ಪಂಚೆಯಲ್ಲಿ ಬಂದರೆ ಕೈಹಿಡಿದು ಕರೆತಂದು ಮೊದಲ ಸಾಲಿನಲ್ಲಿ ಕುಳ್ಳಿರಿಸಿರಿ. ನಾವೂ ಅಂದು ಪಂಚೆಯುಟ್ಟೇ ಬಂದು ಅವರ ಪಕ್ಕದಲ್ಲಿ ಕುಳಿತುಕೊಳ್ಳುವೆವು.